ಓದುಗರ ಪ್ರಶ್ನೆ: ಮಲೇಷ್ಯಾದಲ್ಲಿ ಪಕ್ವ ಆಗಿದ್ದು ಯಾರು?

ಪ್ರಶ್ನೆ: ಮಲಯರು, ಚೀನೀಯರು, ತಮಿಳರು, ಬೊರ್ನಿಯೋ ಕಡೆಯ ಬುಡಕಟ್ಟಿನೋರು ಅಂತ ಇಷ್ಟೊಂದು ಜನಾಂಗ ಇರೋ ಮಲೇಷ್ಯಾದಲ್ಲಿ 2018ರಲ್ಲಿ ಶಾಂತವಾಗಿ ಸರ್ಕಾರ ಬದಲಾಯ್ತು, ಎರಡು ವರ್ಷ ತುಂಬೋದ್ರೊಳಗೆ ಆ ಸರ್ಕಾರ ಬಿದ್ದೂ ಹೋಯ್ತು. ಇದನ್ನ ರಾಜಕೀಯ ಪ್ರಬುದ್ಧತೆ ಅನ್ನಬಹುದಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಅನ್ನಬಹುದು, ಆದ್ರೆ ಆ ಮಾತು ಸಲ್ಲಬೇಕಾಗಿರೋದು ಜನರಿಗೆ, ಲೀಡರುಗಳಿಗಲ್ಲ. ಅಲ್ಲಿ ಎಲೆಕ್ಷನ್ ಅಂದ್ರೆ ಹಿರಿಯರಿಗೆ ಈಗ್ಲೂ 1969ರ ಮೇ 13 ನೆನಪಾಗತ್ತೆ. ಮೇ 10ಕ್ಕೆ ವೋಟಿಂಗ್ ಆಗಿತ್ತು, ವಿರೋಧ ಪಕ್ಷದೋರು ಮೊದಲಿಗಿಂತ ಜಾಸ್ತಿ ಸೀಟು ಗೆದ್ದ ಖುಷಿಗೆ ಕೌಲಾಲಂಪುರದಲ್ಲಿ ಮೆರವಣಿಗೆ ತೆಗೆದ್ರು, ಮೂರೇ ದಿನಕ್ಕೆ ಮಲಯರು ಚೀನೀಯರ ಮಧ್ಯೆ ದಂಗೆ ಎದ್ದು ಸರ್ಕಾರಿ ಲೆಕ್ಕದಲ್ಲೇ 196 ಜನ ಸತ್ರು, ಪಾರ್ಲಿಮೆಂಟು 1971ರ ತನಕ ಸೇರಲೇ ಇಲ್ಲ. ಆಮೇಲಿಂದ ಸರ್ಕಾರ ಬದಲಾದ್ರೆ ಮತ್ತೆ ಅದೇ ಆಗತ್ತೆ ಅಂತ ಹೆದರಿಸೋದೇ ಒಂದು ರಾಜಕೀಯ ಆಗೋಯ್ತು.

ಇಂಥ ದೇಶದಲ್ಲಿ 2018ರ ಮೇ 9ಕ್ಕೆ, ಅದೂ ಬುಧವಾರ, ವೋಟಿಂಗ್ ಇಟ್ರು. ಊರಿಗೆ ಹೋಗಿ ಬರೋದು ಹೇಗೆ ಅಂತ ಜನ ರೊಚ್ಚಿಗೆದ್ದ ಮೇಲೆ ರಜೆ ಕೊಟ್ರು. ಸಿಂಗಾಪುರದಲ್ಲಿ ದುಡಿಯೋರು ಜೋಹೊರ್ ಗಡಿಯಲ್ಲಿ ಗಂಟೆಗಟ್ಲೆ ಕ್ಯೂ ನಿಂತು ಬಂದ್ರು, ಟಿಕೆಟ್‌ಗೆ ದುಡ್ಡಿಲ್ಲದೋರಿಗೆ ಮುಖ ನೋಡದೋರು ದುಡ್ಡು ಹಾಕಿದ್ರು, ವಿದೇಶದಲ್ಲಿದ್ದೋರಿಗೆ ಪೋಸ್ಟಲ್ ಬ್ಯಾಲೆಟ್ ಲೇಟಾಗಿ ಸಿಕ್ಕಿದ್ದಕ್ಕೆ ಏರ್‌ಪೋರ್ಟಿಗೆ ಹೋಗಿ ಊರಿಗೆ ಹೊರಟಿದ್ದ ಅಪರಿಚಿತರ ಕೈಗೆ ಕೊಟ್ಟು ಕಳಿಸಿದ್ರು. ನಂಬಿಕೆ ಅಂದ್ರೆ ಇದು ರೀ, ನನಗಂತೂ ಆ ಎಲೆಕ್ಷನ್ನಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

1957ರಿಂದ ಆಳ್ತಿದ್ದ ಕೂಟ 222ರಲ್ಲಿ 79 ಸೀಟಿಗೆ ಇಳೀತು. ಜನರ ತೀರ್ಪು ಒಪ್ಕೋತೀನಿ ಅಂತ ಸೋತ ಪ್ರಧಾನಿ ನಜೀಬ್ ರಜಾಕ್ ಮಾರನೇ ದಿನ ಹೇಳಿದ್ರು, ಅವತ್ತು ರಾತ್ರೀನೇ ಗೆದ್ದ ವಿರೋಧಿ ಕೂಟದ ಲೀಡರು, 92 ವರ್ಷದ ಮಹಾತಿರ್ ಮೊಹಮದ್ ಪ್ರಧಾನಿಯಾಗಿ ಪ್ರಮಾಣ ತಗೊಂಡ್ರು. ಹಾಗಂತ ಜನಾಂಗದ ಲೆಕ್ಕಾಚಾರ ಮಾಯ ಆಯ್ತು ಅನ್ಕೋಬೇಡಿ. ಚೀನೀಯರ ವೋಟು ಬಹುಪಾಲು ಒಂದೇ ಕಡೆ ಬಿತ್ತು, ಮಲಯರ ವೋಟು ಮೂರು ಪಾಲಾಯ್ತು. ಹೀಗೆ ಬೇರೆ ಬೇರೆ ವೋಟ್ ಹಾಕಿಯೂ ಫಲಿತಾಂಶಾನ ಎಲ್ಲರೂ ಒಪ್ಕೊಂಡ್ರಲ್ಲ, ನಾನು ಪಕ್ವತೆ ಅನ್ನೋದು ಅದಕ್ಕೇನೇ.

ಲೀಡರುಗಳು? 2020ರ ಫೆಬ್ರವರಿಯಲ್ಲಿ ಆಳೋ ಕೂಟದ ಕೆಲವು ಎಂಪಿಗಳು ವಿರೋಧ ಪಕ್ಷಗಳ ಕಡೆ ಹಾರಿ ಸರ್ಕಾರ ಬೀಳಿಸಿದ್ರು. ಜನ ಬಿಸಿಲಲ್ಲಿ ನಿಂತು ಹಾಕಿದ ವೋಟಿಗೆ ಇದು ದೊಡ್ಡ ಅವಮಾನ. 2022ರ ನವೆಂಬರಲ್ಲಿ ಯಾರಿಗೂ ಬಹುಮತ ಬರ್ಲಿಲ್ಲ, ಸೋಷಿಯಲ್ ಮೀಡಿಯಾದಲ್ಲಿ ಮೇ 13ರ ಹೆಸರು ಹೇಳಿ ಕೆರಳಿಸೋ ವಿಡಿಯೋಗಳೂ ಓಡಾಡಿದ್ವು, ಆದ್ರೂ ಜನ ಐದು ದಿನ ತಾಳ್ಮೆಯಿಂದ ಕಾದ್ರು, ಆಮೇಲೆ ರಾಜರು ಅನ್ವರ್ ಇಬ್ರಾಹಿಂ ಅವರನ್ನ ಪ್ರಧಾನಿ ಮಾಡಿದ್ರು. ಅದಕ್ಕೂ ಸ್ವಲ್ಪ ಮುಂಚೆ ಪಕ್ಷಾಂತರ ತಡೆಯೋ ಕಾನೂನು ಬಂದಿತ್ತು, ಗೆದ್ದ ಪಕ್ಷ ಬಿಟ್ಟು ಹೋದ ಎಂಪಿ ಸೀಟು ಕಳ್ಕೋತಾನೆ. ಇಡೀ ಪಕ್ಷವೇ ಕೂಟ ಬದಲಾಯಿಸಿದ್ರೆ ಮಾತ್ರ ಅದು ಏನೂ ಮಾಡಲ್ಲ, ಆ ಬಾಗಿಲೂ ಮುಚ್ಚಬೇಕು.