ಉತ್ತರ: ಅಪ್ಪನ ಖರೀದಿ ಹುಚ್ಚು ವಯಸ್ಸಿನ ಹಟವೇ?

ಪಾರ್ಕಿನ್ಸನ್ ಇರುವ ನಿಮ್ಮ ತಂದೆ, ಪ್ರಮಿಪೆಕ್ಸೋಲ್ ಡೋಸ್ ಏರಿಸಿದ ಮೇಲೆ ರಾತ್ರಿಯೆಲ್ಲ ಆನ್‌ಲೈನ್‌ನಲ್ಲಿ ಬೇಡದ್ದನ್ನೆಲ್ಲ ಕೊಳ್ಳುತ್ತಿದ್ದಾರೆ, ಇದು ವಯಸ್ಸಿನ ಹಟವೇ ಅಂತ ಕೇಳಿದ್ದೀರಿ. ನನ್ನ ಅನುಮಾನ ಮಾತ್ರೆಯ ಮೇಲೆಯೇ.

ಪಾರ್ಕಿನ್ಸನ್‌ನಲ್ಲಿ, ಕೈಕಾಲು ಆಡಿಸುವ ಮೆದುಳಿನ ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬತ್ತಿರುತ್ತದೆ. ‘ಈಗಲೇ ಬೇಕು’ ಎನ್ನುವ ಆಸೆಯ ಭಾಗದಲ್ಲಿ ಅಷ್ಟು ಬತ್ತಿರುವುದಿಲ್ಲ. ಡೋಪಮೈನ್‌ನ ಕೆಲಸ ಮಾಡುವ ಮಾತ್ರೆಗೆ ಈ ಭೇದ ಗೊತ್ತಿಲ್ಲ, ಅಲ್ವಾ? ಒಣಗಿದ ಗದ್ದೆಗೆ ಬಿಟ್ಟ ನೀರು ಪಕ್ಕದ ತುಂಬಿದ ಗದ್ದೆಯ ಬದು ಒಡೆದ ಹಾಗೆ. ಅದರಲ್ಲೂ ಪ್ರಮಿಪೆಕ್ಸೋಲ್, ಅದರಂಥದೇ ರೋಪಿನಿರೋಲ್ ಆಸೆಯ ಭಾಗದಲ್ಲಿ ಜಾಸ್ತಿ ಇರುವ ಡಿ3 ಗ್ರಾಹಕಗಳನ್ನು (ಡೋಪಮೈನ್ ಬಂದು ಕೂರುವ ಒಂದು ಬಗೆಯ ಜಾಗಗಳನ್ನು) ಹೆಚ್ಚಾಗಿ ಹಿಡಿಯುತ್ತವೆ. 2010ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾ ಅಧ್ಯಯನದಲ್ಲಿ 3,090 ರೋಗಿಗಳಿದ್ದರು. ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ನೂರಕ್ಕೆ 17 ಮಂದಿಗೆ ಜೂಜು, ಖರೀದಿ, ತಿನ್ನುವುದು, ಲೈಂಗಿಕ ಆಸೆ ಇವುಗಳಲ್ಲಿ ಒಂದಾದರೂ ಕೈಮೀರಿತ್ತು. ಉಳಿದವರಲ್ಲಿ ನೂರಕ್ಕೆ 7.

ನಮ್ಮ ಚಿಕ್ಕಪ್ಪ ರಾತ್ರಿ ಎರಡು ಗಂಟೆಗೆ ರೇಡಿಯೊ ಬಿಚ್ಚಿ, ಪೇಪರ್ ಮೇಲೆ ಸ್ಕ್ರೂಗಳನ್ನು ಸೈಜಿನ ಪ್ರಕಾರ ಸಾಲಾಗಿ ಇಡುತ್ತಿದ್ದರು. ಮರುದಿನ ಮತ್ತೆ ಅದೇ. ಅದೂ ಇಂಥ ಮಾತ್ರೆಯ ಕೆಲಸ ಅಂತ ಗೊತ್ತಾಗದೆ ಆರು ತಿಂಗಳು ಸುಮ್ನೆ ಬೈದೆವು, ಪಾಪ.

ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಆತಂಕ, ಬೆವರು, ನೋವು ಶುರುವಾಗಬಹುದು. ಆರ್ಡರ್‌ಗಳ ಪಟ್ಟಿಯನ್ನು ತಾರೀಖಿನ ಸಮೇತ ನ್ಯೂರಾಲಜಿಸ್ಟ್‌ಗೆ ತೋರಿಸಿ. ಅವರು ಡೋಸ್ ನಿಧಾನಕ್ಕೆ ಇಳಿಸಬಹುದು. ಅಲ್ಲಿಯವರೆಗೆ ಫೋನಿನಿಂದ ಕಾರ್ಡ್ ವಿವರ ತೆಗೆದುಬಿಡಿ, ಅಪ್ಪನಿಗೆ ಹೇಳಿಯೇ.