ಹೋಟೆಲು ಬಿಡಬೇಕೇ ಎಂದು ಕೇಳಿದ ಅಕ್ಕನಿಗೆ

ಅಕ್ಕ, ಕುಂಬಳೆ ಪೇಟೆಯಿಂದ ತಂದ ಬಿರಿಯಾನಿ ತಿಂದು ಮಗ ವಾಂತಿ ಮಾಡಿಕೊಂಡ, ಇನ್ನು ಹೋಟೆಲಿನ ಸಹವಾಸವೇ ಬೇಡವೇ ಎಂದು ಕೇಳಿದ್ದೀರಿ. ಗುಂಪಿನವರು ಆಗಲೇ ‘ಮನೆಯೂಟವೇ ಸರಿ’ ಎಂದು ತೀರ್ಪು ಕೊಟ್ಟಾಗಿದೆ. ನನಗೆ ಹಾಗೆ ಕಾಣುವುದಿಲ್ಲ. ಹನ್ನೊಂದಕ್ಕೆ ಕಟ್ಟಿಸಿದ ಪೊಟ್ಟಣವನ್ನು ಬಿಚ್ಚಿದ್ದು ಮೂರೂವರೆಗೆ ಎಂದು ನೀವೇ ಬರೆದಿದ್ದೀರಿ. ಅಷ್ಟು ಹೊತ್ತು ಉಗುರುಬೆಚ್ಚಗೆ ಕೂತ ಅನ್ನವನ್ನು, ನನ್ನ ಅತ್ತೆಯೇ ಬಡಿಸಿದರೂ ನಾನು ಮುಟ್ಟುವುದಿಲ್ಲ.

ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಉಳಿಯುತ್ತವೆ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಹಾಗೆಯೇ ಇದ್ದರೆ ಅವು ಬೆಳೆದು ವಿಷ ಬಿಡಬಹುದು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಮಧ್ಯಾಹ್ನದ ಕಾಯಿ ಅರೆದ ಸಾಂಬಾರನ್ನು ರಾತ್ರಿಯವರೆಗೆ ಒಲೆಯ ಮೇಲೆ ಬಿಟ್ಟು ‘ಒಂದು ಕುದಿ ಬರಿಸಿದರಾಯಿತು’ ಎನ್ನುವುದೂ ಜೂಜೇ. ಉಳಿದದ್ದನ್ನು ಅಗಲ ಪಾತ್ರೆಗೆ ಹರಡಿ, ಪಾತ್ರೆಯನ್ನು ತಣ್ಣೀರಿನಲ್ಲಿ ಇರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಪೂರ್ತಿ ಆರಲಿ ಎಂದು ಸಂಜೆಯವರೆಗೆ ಕಾಯಬೇಡಿ. ಮಳೆಗಾಲದಲ್ಲಿ ಕರೆಂಟು ಹೋದರೆ, ಬಾಗಿಲು ತೆರೆಯದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ನಮ್ಮ ಕಡೆ ಅದು ಎಷ್ಟು ಸಲ ಸಾಲುತ್ತದೆ ಎಂಬುದನ್ನು ನೀವೇ ಬಲ್ಲಿರಿ!

ಮೀನು ತಿನ್ನುವವರಿಗೆ ಇನ್ನೊಂದು ಮಾತು. ಬಂಗುಡೆ, ಬೂತಾಯಿಗಳು ಐಸಿಲ್ಲದೆ ಬಿಸಿಲಿಗೆ ಕೂತರೆ ಅವುಗಳಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಹುಟ್ಟುತ್ತದೆ. ಎಷ್ಟು ಹುರಿದರೂ ಅದು ಹೋಗದು.

ಹಾಗೆಂದು ಹೋಟೆಲಿನವರನ್ನು ಸುಮ್ಮನೆ ಬಿಡಬೇಕೆಂದಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿಮೊಟ್ಟೆಯ ಮಯೋನೈಸನ್ನು ನಿಷೇಧಿಸಿತು, ಪಾರ್ಸೆಲಿನ ಮೇಲೆ ತಯಾರಿಸಿದ ಹೊತ್ತನ್ನೂ ತಿಂದು ಮುಗಿಸಬೇಕಾದ ಹೊತ್ತನ್ನೂ ನಮೂದಿಸಬೇಕೆಂದು ಆದೇಶಿಸಿತು. ಚೀಟಿ ಇಲ್ಲದಿದ್ದರೆ ಕೇಳಿ, ಸಂಕೋಚ ಬೇಡ. ಕಾವಲಿಯಿಂದ ನೇರ ಎಲೆಗೆ ಬೀಳುವ ದೋಸೆಗೆ ನಾನು ಹೆದರುವುದಿಲ್ಲ. ಬೆಳಿಗ್ಗೆ ಅರೆದು ಸಂಜೆಯವರೆಗೆ ಬಕೆಟ್ಟಿನಲ್ಲಿಟ್ಟ ಚಟ್ನಿಯನ್ನು ಮಾತ್ರ ಬದಿಗೆ ಸರಿಸುತ್ತೇನೆ. ಪತಿಮುಗ (ನೀರಿಗೆ ಕೆಂಪು ಬಣ್ಣ ಕೊಡುವ ಮರದ ಚಕ್ಕೆ) ಹಾಕಿದ ಕೆಂಪು ನೀರು ಕಂಡ ಮಾತ್ರಕ್ಕೆ ಅದು ಕುದಿದ ನೀರೆಂದು ನಂಬಬೇಡಿ. ಕುದಿದ ನೀರಿಗೆ ಬಾವಿಯ ಹಸಿನೀರು ಬೆರೆಸಿ ಆರಿಸುವ ಅಭ್ಯಾಸ ಮನೆಗಳಲ್ಲೂ ಇದೆ, ಅದನ್ನು ಮೊದಲು ನಿಲ್ಲಿಸಿ.

ಮಗನಿಗೆ ಸದ್ಯಕ್ಕೆ ಓಆರ್‌ಎಸ್ ಕೊಡಿ. ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಯ, ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಂಕಾಗಿ ಮಲಗಿದರೆ ಇಲ್ಲಿಯ ಉತ್ತರಗಳಿಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.