ಗಾಳಿ ಜೋರಾಗಿರುವ ದಿನ ದಾವಣಗೆರೆ ಸುತ್ತ ಹಕ್ಕಿ ಕಾಣುತ್ತವೆಯೇ?

ಡಿಸೆಂಬರಿನಲ್ಲಿ ದಾವಣಗೆರೆಗೆ ಬರುತ್ತೇನೆ, ಗಾಳಿ ಜೋರಿದ್ದರೆ ಹಕ್ಕಿ ನೋಡಲು ಹೋಗುವುದು ದಂಡವೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಗಾಳಿ ಬಂತೆಂದು ಹಕ್ಕಿ ಊರು ಬಿಡುವುದಿಲ್ಲ, ಕೂರುವ ಜಾಗ ಬದಲಿಸುತ್ತದೆ ಅಷ್ಟೆ. ಆ ಜಾಗ ಹಿಡಿದರೆ ಬೇರೆ ದಿನಕ್ಕಿಂತ ಚೆನ್ನಾಗಿಯೇ ನೋಡಬಹುದು.

ನಮ್ಮಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಲ ಕಡೆಯದು. ಹಾಗಾಗಿ ಕುಂದುವಾಡ ಕೆರೆಗೆ ಹೋದರೆ ಬೆಳಿಗ್ಗೆ ಪೂರ್ವದ ಏರಿ ಮೇಲೆ ನಿಲ್ಲಿ. ಏರಿ ಗಾಳಿ ತಡೆಯುವುದರಿಂದ ಅದರ ಮಗ್ಗುಲ ನೀರಿನಲ್ಲಿ ಅಲೆ ಕಡಿಮೆ. ಬಾತುಗಳು ಅತ್ತ ಸರಿಯುತ್ತವೆ. ನೀರಹಕ್ಕಿಗಳು ಕೂರುವುದೂ ಗಾಳಿಗೆ ಎದುರಾಗಿ. ಬೆನ್ನು ಕೊಟ್ಟರೆ ಗರಿ ಕೆದರುತ್ತದೆ, ಮೇಲೇಳುವುದಕ್ಕೂ ಎದುರುಗಾಳಿಯೇ ಅನುಕೂಲ. ಅಂದರೆ ಅವುಗಳ ಮುಖ ನಿಮ್ಮ ಕಡೆಗೆ, ಎಳೆಬಿಸಿಲು ನಿಮ್ಮ ಬೆನ್ನಿಗೆ! ಸೂಜಿಬಾಲದ ಬಾತು ಬಂದಿದ್ದರೆ ಗಂಡಿನ ಕಂದು ತಲೆ, ಬಿಳಿ ಎದೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಗೊತ್ತಾ? ಒಂದೇ ತೊಂದರೆ, ನಿಮ್ಮ ಮಾತನ್ನೂ ಗಾಳಿ ಅವುಗಳ ಕಿವಿಗೆ ಮುಟ್ಟಿಸುತ್ತದೆ. ಮೆಲ್ಲಗೆ ಮಾತಾಡಿ. ಗಾಳಿಗೆ ಮರೆಯಾದ ಕಡೆ ಹುಳುಗಳೂ ಸೇರುತ್ತವೆ, ಅವನ್ನು ಹಿಡಿಯಲು ಕವಲುಬಾಲದ ಅಂಬರಗುಬ್ಬಿಗಳು ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತವೆ.

ಚನ್ನಗಿರಿ ಕಡೆಯ ಸೂಳೆಕೆರೆ ದೊಡ್ಡದು, ನಡುನೀರಿನಲ್ಲಿ ಅಲೆ ಜೋರು. ಅಲ್ಲಿ ಗುಡ್ಡದ ಮರೆಯ ಮೂಲೆಗಳನ್ನೇ ನೋಡಿ. ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಇದ್ದರೆ ಟ್ರೈಪಾಡ್ ಎತ್ತರಿಸಬೇಡಿ, ಅಲ್ಲಾಡಿ ಏನೂ ಕಾಣುವುದಿಲ್ಲ. ನೆಲದಲ್ಲಿ ಕೂತುಬಿಡಿ.

ಚಿತ್ರದುರ್ಗದ ಜೋಗಿಮಟ್ಟಿಯನ್ನು ಮಾತ್ರ ಅಂಥ ದಿನ ಬಿಡಿ. ಕಾಡಿನ ಸಣ್ಣ ಹಕ್ಕಿಗಳನ್ನು ದನಿಯಿಂದಲೇ ಹುಡುಕಬೇಕು, ಎಲೆಗಳ ಸದ್ದಿನಲ್ಲಿ ಅದು ಕೇಳುವುದಿಲ್ಲ.

ನನಗೆ ಗಾಳಿಯ ದಿನ ಎಲ್ಲಕ್ಕಿಂತ ಇಷ್ಟ ಚಳ್ಳಕೆರೆ ಕಡೆಯ ಹುಲ್ಲುಗಾವಲು. ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳಿಗೆ ಬೇಕಾಗಿರುವುದೇ ಇಂಥ ಬಯಲು. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ, ಎದುರುಗಾಳಿಗೆ ಒರಗಿ, ಹುಲ್ಲಿನ ಮೇಲೆ ನಿಧಾನಕ್ಕೆ ತೇಲುತ್ತಾ ಇಲಿ, ಮಿಡತೆ ಹುಡುಕುತ್ತವೆ. ಗಾಳಿ ಎತ್ತಿ ಹಿಡಿಯುವುದರಿಂದ ರೆಕ್ಕೆ ಬಡಿಯುವುದೇ ಕಮ್ಮಿ. ಕೆಸ್ಟ್ರೆಲ್ ಚಾಣ ಇನ್ನೂ ಚೆಂದ. ಹಾರುತ್ತಲೇ ಗಾಳಿಯಲ್ಲಿ ಒಂದೇ ಕಡೆ ನಿಂತಿರುತ್ತದೆ, ಮೈಯೆಲ್ಲ ಅಲ್ಲಾಡಿದರೂ ತಲೆ ಮಾತ್ರ ಕದಲುವುದಿಲ್ಲ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಸಂಜೆವರೆಗೆ ಇರುವುದಾದರೆ ರಸ್ತೆ ಬದಿಯಿಂದಲೇ ನೋಡಿ. ಸೆಳೆವಗಳು ಮಲಗುವುದು ಮರದಲ್ಲಲ್ಲ, ನೆಲದ ಮೇಲೆ, ಹುಲ್ಲಿನ ನಡುವೆ. ಕತ್ತಲಾಗುವಾಗ ಹುಲ್ಲಿಗೆ ಕಾಲಿಟ್ಟರೆ ಎಲ್ಲವೂ ಎದ್ದುಬಿಡುತ್ತವೆ.